ಒಂದು ಗೇಣು ಮೇಲಿನಿಂದ

ಹೊಳೆನರಸೀಪುರದ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ, ನೆಲದಿಂದ ಒಂದು ಮೊಳ ಎತ್ತರಕ್ಕೆ, ಒಂದು ಜಿಡ್ಡಿನ ಕಲೆ ಇತ್ತು. ಅದು ನನ್ನ ಅಪ್ಪನ ಬೆನ್ನಿನ ಗುರುತು. ಹಬ್ಬಕ್ಕೆ ಸುಣ್ಣ ಹೊಡೆದಾಗ ಮಾಯವಾಗುತ್ತಿತ್ತು, ಎರಡು ತಿಂಗಳಿಗೆ ಮತ್ತೆ ಮೂಡುತ್ತಿತ್ತು. ಅಪ್ಪ ಅಲ್ಲಿ ಒರಗಿ ಎಷ್ಟು ವರ್ಷ ಉಂಡ ಎಂದು ಕೇಳಿದರೆ ಅವ್ವ ಆರು ಎನ್ನುತ್ತಿದ್ದಳು. ನಾನು ಎಷ್ಟು ಸಲ ಕೂಡಿ ಕಳೆದರೂ ನಾಲ್ಕನ್ನು ದಾಟುವುದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ನೆನಪನ್ನು ಸಾಕ್ಷಿಯೆಂದು ಒಪ್ಪುವ ಅಭ್ಯಾಸ ನನಗಿಲ್ಲ, ನನ್ನ ನೆನಪನ್ನಂತೂ ಸುತರಾಂ ಇಲ್ಲ. ಅಪ್ಪನ ಅಂಗಿಯ ಬಣ್ಣ ನನಗೆ ಒಮ್ಮೆ ಖಾಕಿಯಾಗಿ, ಒಮ್ಮೆ ಬಿಳಿಯಾಗಿ ಕಾಣುತ್ತದೆ. ಆದರೆ ಒಂದು ಸಂಗತಿಯಲ್ಲಿ ಅನುಮಾನವಿಲ್ಲ. ಅಪ್ಪನ ತಟ್ಟೆಗೆ ಬಡಿಸುತ್ತಿದ್ದವನು ನಾನು. ಸೌಟು ಆ ತಟ್ಟೆಗೆ ತಾಗಬಾರದಿತ್ತು. ತಾಗಿದರೆ ಅದು ಮತ್ತೆ ಅಡಿಗೆಮನೆಯೊಳಕ್ಕೆ ಬರುವಂತಿರಲಿಲ್ಲ. ಹಾಗಾಗಿ ಒಂದು ಗೇಣು ಮೇಲಿನಿಂದ ಬಿಡಬೇಕು. ಬಿಸಿ ಸಾರು ತಟ್ಟೆಗೆ ಬಿದ್ದು ಅಪ್ಪನ ಮುಂಗೈಗೆ ಸಿಡಿಯುತ್ತಿತ್ತು. ಅವನು ಅದನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, ನನಗೆ ಬೇಜಾರಾಗದಿರಲಿ ಎಂದು ಬೀದಿಯ ಕಡೆ ನೋಡುತ್ತಿದ್ದ. ಆ ಒಂದು ಗೇಣು ನನ್ನ ಕೈಗೆ ಇವತ್ತಿಗೂ ಗೊತ್ತಿದೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ. ಸೇಡು ತೀರಿದೆ. ಹೇಗೆ ತೀರಿತೆಂಬುದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ಮನೆ ತುಂಬ ದೊಡ್ಡದೇನಲ್ಲ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಹಿತ್ತಲ ಬಾಗಿಲಲ್ಲಿ ನಿಂತರೆ ಹೊಳೆಯ ತಣ್ಣನೆ ಗಾಳಿ ಬರುತ್ತಿತ್ತು. ಸ್ನಾನ, ವಿಭೂತಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ, ಇಷ್ಟೂ ಆಗದೆ ಯಾರ ಬಾಯಿಗೂ ನೀರು ಬೀಳದ ಮನೆ ಅದು. ಪೂಜೆ ಮುಗಿಸಿದ ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಸಾಲಿನ ತಲೆಗೆ, ಕಂಬದ ಪಕ್ಕ, ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಬಡಿಸಿ ಮುಗಿದ ಮೇಲೆ ಅವರು ಒಂದೊಂದೇ ಹಣೆಯನ್ನು ನೋಡುತ್ತ ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿ, ಎಲ್ಲ ಸರಿಯಿದ್ದರೆ ‘ಹೂಂ’ ಎನ್ನುತ್ತಿದ್ದರು. ಆ ಹೂಂ ಬರುವ ತನಕ ನಾವು ಮುದ್ದೆ ಮುರಿಯುತ್ತಿರಲಿಲ್ಲ. ದೊಡ್ಡಪ್ಪ ಹೊಡೆಯುವವರಲ್ಲ, ಕುಡಿಯುವವರಲ್ಲ, ಮಾತಿಗೆ ತಪ್ಪಿದವರೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಅವರನ್ನು ದ್ವೇಷಿಸುವುದು ಕಷ್ಟವಾಗಿದ್ದುದು ಇದರಿಂದಲೇ. ಆ ಕಷ್ಟವನ್ನು ನಾನು ಬೇಗ ಗೆದ್ದೆ.

ಅಪ್ಪ ಹಾಸನಕ್ಕೂ ಹೊಳೆನರಸೀಪುರಕ್ಕೂ ಬಸ್ಸು ಓಡಿಸುತ್ತಿದ್ದ. ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುವ ಹಾಗಾದಾಗ, ಲಾರಿ ನಡೆಸಬಲ್ಲವರು ಬೇಕೆಂದು ಪಟ್ಟಾಳಕ್ಕೆ ಕರೆದರು. ಹೋದ. ಮೂರು ವರ್ಷ ಬರಲಿಲ್ಲ. ಬಂದಾಗ ಕಪ್ಪಗೆ ಸಣ್ಣಗೆ ಆಗಿದ್ದ, ಗಾಬರಿಯಾದರೆ ಮಾತು ತಡವರಿಸುತ್ತಿತ್ತು. ಸಮುದ್ರ ದಾಟಿ ಬಂದದ್ದಕ್ಕೆ ಮಠದ ಅಯ್ಯನವರನ್ನು ಕರೆಸಿ, ತೀರ್ಥ ಹಾಕಿಸಿ, ಪಟ್ಟಾಳದಲ್ಲಿ ರೊಟ್ಟಿ ಬೇಳೆ ಬಿಟ್ಟು ಬೇರೇನೂ ತಿಂದಿಲ್ಲವೆಂದು ಹೇಳಿಸಿ, ದೊಡ್ಡಪ್ಪನೇ ಅವನನ್ನು ಸಾಲಿಗೆ ಕೂರಿಸಿಕೊಂಡರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮತ್ತೆ ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಅವ್ವನೂ ದೊಡ್ಡವ್ವನೂ ಪಡಸಾಲೆಯಲ್ಲಿ ಎದುರುಬದುರು ಕುಳಿತು, ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕುತ್ತಿದ್ದರು. ಬೇಳೆ ಚಂಗನೆ ಹಾರಿ ಬೋಗುಣಿಗೆ ಬೀಳುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದವನು ಒಬ್ಬನೇ ನಕ್ಕ.

“ಆ ಊರ್ನಲ್ಲೂ ಇಂಗೇ ಇತುಕ್ತಾರೆ ಕಣಮ್ಮಿ.”

“ಯಾವೂರ್ನಲ್ಲಿ? ಅರಕಲಗೂಡಲ್ಲಾ?” ಅಂದಳು ಅವ್ವ. ಅರಕಲಗೂಡು ಅವಳ ತವರು.

“ಇಟ್ಲೀಲಿ ಕಣೆ. ಸಮುದ್ರದ ದಂಡೇಲಿ ಒಂದು ಅಳ್ಳಿ. ಲಾರಿ ಕೆಟ್ಟು ನಾಕು ದಿನ ಅಲ್ಲೇ ಬಿದ್ದಿದ್ದೆ. ಒಬ್ಳು ಮುದುಕಿ ಬಾಗ್ಲಲ್ಲಿ ಕುರ್ಚಿ ಆಕ್ಕೊಂಡು ಕಾಳು ಇತುಕ್ತಾ ಕೂತಿದ್ಲು. ನಿನ್ನಷ್ಟು ಜೋರಾಗಲ್ಲ, ಬುಡು. ಉಣ್ಣು ಬಾ ಅಂತ ಕೈ ಮಾಡುದ್ಲು. ನಾನು ಮ್ಯಾಕೆ ಥರ ಮ್ಯಾ ಅಂತ ಕೂಗಿ ಬ್ಯಾಡ ಅಂತ ಕೈಯಾಡಿಸ್ದೆ. ಕೋಳಿ ಥರಾನೂ ಕೂಗ್ದೆ. ನಕ್ಕೂ ನಕ್ಕೂ ಕುರ್ಚಿಯಿಂದ ಬೀಳೋಳು ಅವ್ಳು. ಆಮೇಲೆ ಬೇಳೆ ಬೇಯ್ಸಿ, ಮಸೆದು, ಕಹಿ ಸೊಪ್ಪು ಆಕಿ ಕೊಟ್ಲು. ನಾಕು ದಿನಾನೂ ಕೊಟ್ಲು.”

ದೊಡ್ಡವ್ವ ಕೋಳಿಯ ಕೂಗು ಇನ್ನೊಂದು ಸಲ ಕೂಗೆಂದಳು. ಅಪ್ಪ ಕೂಗಿದ. ಎಲ್ಲರೂ ನಕ್ಕೆವು. ದೊಡ್ಡಪ್ಪ ದೇವರ ಕೋಣೆಯ ಹೊಸ್ತಿಲಲ್ಲಿ ಬಂದು ನಿಂತದ್ದನ್ನು ಮೊದಲು ನೋಡಿದವನು ನಾನೇ ಇರಬೇಕು, ಯಾಕೆಂದರೆ ನಗು ಮೊದಲು ನಿಂತದ್ದು ನನ್ನದು.

“ಯಾವ ಕಾಲ ಅದು?” ಅಂದರು.

“ಬಿಸ್ಲು ಕಾಲ ಅಣ್ಣಯ್ಯ. ಲಾರಿ ಬಾಗ್ಲು ಮುಟ್ಟಂಗಿರ್ನಿಲ್ಲ.”

“ಬಿಸ್ಲು ಕಾಲದಲ್ಲಿ ಅವರೆ. ಮಂಜು ಬೀಳ್ದೆ ಅವರೆ ಊವ ಕಟ್ತದಾ ನಂಜ? ನಮ್ಮ ಒಲದಲ್ಲಿ ಕಟ್ಟಿದ್ದ ಕಂಡಿದ್ದೀಯಾ?”

ಅಪ್ಪನ ಬಾಯಿ ತಡವರಿಸಿತು. ಅವನು ‘ಒಣ’ ಎಂದು ಏನೋ ಹೇಳಹೋದ ಹಾಗೆ ನನಗೆ ಕೇಳಿಸುತ್ತದೆ. ಆದರೆ ಅದು ಆವತ್ತು ಕೇಳಿಸಿತೋ, ಇಷ್ಟು ವರ್ಷ ಬೇಕು ಬೇಕೆಂದು ನಾನೇ ಅವನ ಬಾಯಿಗೆ ಹಾಕಿದೆನೋ, ಆಣೆಯಿಟ್ಟು ಹೇಳಲಾರೆ. ಅವ್ವ ಹೇಳಿದ್ದು ಮಾತ್ರ ಸ್ಪಷ್ಟವಾಗಿದೆ.

“ಒಣಕಾಳ್ನೂ ರಾತ್ರಿ ನೆನೆಹಾಕಿ ಇತುಕ್ಬೋದು ಬಾವಾ. ಓದ ಯುಗಾದೀಲಿ ಮಾಡಿದ್ವಲ್ಲ, ನೀವೇ ಎಲ್ಡು ಸಲ ಬಡಿಸ್ಕೊಂಡ್ರಿ.”

“ಅಡಿಗೆಮನೆ ಮಾತು ಅಡಿಗೆಮನೇಲಿರ್ಲಿ,” ಅಂದರು ದೊಡ್ಡಪ್ಪ. ದೊಡ್ಡವ್ವ ತಲೆ ತಗ್ಗಿಸಿ ಇನ್ನೊಂದು ಕಾಳು ತೆಗೆದುಕೊಂಡಳು. ಯುಗಾದಿಯಲ್ಲಿ ಆ ಒಣಕಾಳನ್ನು ನೆನೆಹಾಕಿದ್ದವಳು ಅವಳೇ. “ಕಂಡೋರ ಮನೇಲಿ ಉಂಡಿದ್ದು ನಿಜ. ಅವರೆ ಸುಳ್ಳು. ಅಂಗಾರೆ ಏನುಂಡೆ ಅಂತ ನಾನು ಬಾಯಿ ಬುಟ್ಟು ಏಳ್ಬೇಕಾ?”

“ಲಿಂ... ಲಿಂಗದಾಣೆ ಅಣ್ಣಯ್ಯ.”

“ಲಿಂಗ ಎತ್ತಬ್ಯಾಡ. ಅಂಥ ಊರೈತೆ, ಅಲ್ಲಿ ಬೇಳೇನೇ ಉಣ್ತಾರೆ ಅಂತ ಕಣ್ಣಲ್ಲಿ ಕಂಡೋರು ಯಾರಾರ ಬಂದು ಏಳ್ಲಿ. ಸಾಲ್ಗೆ ಕರ್ಕತೀನಿ. ಅಲ್ಲೀಗಂಟ ಜಗಲಿ. ನಂದೇ ತಪ್ಪಾದ್ರೆ ಆ ಜಗಲಿ ಮ್ಯಾಲೆ ನಾನು ಕೂತ್ಕತೀನಿ.”

ಜೀವಮಾನದಲ್ಲಿ ಒಂದು ಸಲವೂ ಕಾಳು ನೆನೆಹಾಕದ ಗಂಡಸು, ಕಾಳಿನ ವಿಚಾರದಲ್ಲಿ ತೀರ್ಪು ಕೊಟ್ಟದ್ದು ಹೀಗೆ. ಅಂದು ಮಧ್ಯಾಹ್ನವೇ ಅಪ್ಪ ತನ್ನ ತಟ್ಟೆ ಲೋಟ ತೆಗೆದುಕೊಂಡು ಹೊರಗೆ ಹೋದ. ಉಂಡ ತಟ್ಟೆಯನ್ನು ತಾನೇ ಬೆಳಗಿ ಜಗಲಿಯ ಗೂಡಿನಲ್ಲಿ ಕವುಚಿಡುತ್ತಿದ್ದ. ಬೀದಿಯಲ್ಲಿ ಹೋಗುವವರು ಮೊದಮೊದಲು “ಯಾಕ್ ನಂಜಣ್ಣ, ಒಳಗೆ ಸೆಕೆನಾ?” ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಅರಕಲಗೂಡಿಗೆ ಹೋಗಿ ಬೇರೆ ಮನೆ ಮಾಡೋಣವೆಂದು ಅವ್ವ ಅಂಗಲಾಚಿದಳು. ಅಪ್ಪನದು ಒಂದೇ ಮಾತು.

“ಅಣ್ಣಯ್ಯ ಒಂದಿನ ಕರೀತಾನೆ ಬುಡು. ನಾವು ಓಗ್ಬುಟ್ರೆ ಯಾರ್ನ ಕರೀತಾನೆ?”

ಊಟ ಮುಗಿದ ಮೇಲೆ ಅಪ್ಪ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಆ ಹಳ್ಳಿಯನ್ನು ಚೂರು ಚೂರಾಗಿ ಹೇಳುತ್ತಿದ್ದ. ಮನೆಗಳೆಲ್ಲ ಸುಣ್ಣ ಬಳಿದ ಬಿಳಿ. ಮಣ್ಣು ಮಾತ್ರ ಚನ್ನರಾಯಪಟ್ಟಣದ ಕಡೆಯ ಹಾಗೆ ಕೆಂಪು. ಹಿರೀಸಾವೆಯ ದಾರಿಯಲ್ಲಿದ್ದಂಥದೇ ಕಲ್ಲುಬೇಲಿ, ಬೇಲಿಯ ಮೇಲೆ ಪಾಪಸುಕಳ್ಳಿ. ನೀರಿನಂಚಿಗೆ ಒಂದು ಮೊಂಡು ಗೋಪುರ, ಮುದುಕಿಯ ಮನೆಯ ಬಾಗಿಲು ನೀಲಿ. ನಾನು ಅವನ್ನು ಬಾಯಿಪಾಠ ಮಾಡಿದೆ. ಸಾಕ್ಷಿ ಬೇಕೆಂದು ದೊಡ್ಡಪ್ಪ ಹೇಳಿದ್ದರಲ್ಲ, ನಾನೇ ಹೋಗಿ ಕಂಡು ಬರುವೆನೆಂದು ಆಗಲೇ ನಿಶ್ಚಯಿಸಿದ್ದೆ. ಅಪ್ಪನಿಗೆ ಹೇಳಿದಾಗ ಅವನು ನಕ್ಕು, ಹೋಗುವಾಗ ಮುದುಕಿಗೆ ನಮ್ಮ ಕಡೆಯ ಕಾಳು ತೆಗೆದುಕೊಂಡು ಹೋಗು ಎಂದ.

ನಾನು ಹಾಸನದ ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕಾಮಾಲೆಯಾಗಿ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಿಂದೆ ತೀರಿಕೊಂಡ ಮನೆಯ ಹಿರಿಯರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿದ್ದರಂತೆ. ನಾನು ಬಸ್ಸಿಳಿದು ಬಂದಾಗ ಅಪ್ಪ ಜಗಲಿಯಲ್ಲಿ, ತನ್ನ ಕಲೆಗೆ ತಾನೇ ಒರಗಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದ. ದೊಡ್ಡಪ್ಪ ಅಳುತ್ತಿದ್ದರು. ಅವರು ನಿಜವಾಗಿಯೇ ಅಳುತ್ತಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಅತ್ತರೆ ತೀರುವುದೇ ಇದು ಎಂದುಕೊಂಡೆ. ಮುಂದೆ ನಾನು ಓದಿದ್ದು, ಮೈಸೂರಿಗೆ ಹೋದದ್ದು, ಯಾವುದನ್ನೂ ನಂಬದವನೆಂದು ಹೆಸರು ಪಡೆದದ್ದು, ಎಲ್ಲದರ ಬುಡದಲ್ಲಿ ಆ ಜಗಲಿ ಇದೆ. ಪ್ರಮಾಣವಿಲ್ಲದೆ ತೀರ್ಪು ಕೊಡುವವರನ್ನು ತರಗತಿಯಲ್ಲಿ ಸಿಗಿದು ಹಾಕುವಾಗ ನನ್ನ ಕಣ್ಣೆದುರಿಗೆ ಇರುತ್ತಿದ್ದುದು ಒಂದೇ ಮುಖ.

ಅಲ್ಲಿಗೆ ಹೋಗುವಷ್ಟರಲ್ಲಿ ನನಗೆ ನಲವತ್ತೈದು ದಾಟಿತ್ತು, ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಇಟಲಿಯಲ್ಲಿ ಒಂದು ವಿದ್ವಾಂಸರ ಸಭೆಗೆ ಕರೆ ಬಂತು. ಸಭೆ ಮುಗಿದ ಮೇಲೆ ಐದು ದಿನ ರಜೆ ಹಾಕಿ, ದಕ್ಷಿಣದ ರೈಲು ಹತ್ತಿ, ಕೊನೆಗೆ ಒಂದು ಹಳೆಯ ಬಸ್ಸಿನಲ್ಲಿ ಮೆಡಿಟರೇನಿಯನ್ ದಂಡೆಯ ಆ ಹಳ್ಳಿಯಲ್ಲಿ ಇಳಿದೆ. ಊರಿನ ಹೆಸರು, ಲಾರಿ ಕೆಟ್ಟದ್ದನ್ನು ಬರೆದಿದ್ದ ಅಪ್ಪನ ಪಟ್ಟಾಳದ ಕಾಗದದಲ್ಲಿತ್ತು. ಇಲ್ಲದಿದ್ದರೆ ಅಂಥ ಊರಿದೆಯೆಂದು ನಾನೂ ನಂಬುತ್ತಿದ್ದೆನೋ ಇಲ್ಲವೋ. ಮಧ್ಯಾಹ್ನ. ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಬಿಳಿ ಗೋಡೆಗಳ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿ ಊರಿಗೆ ಊರೇ ಮಲಗಿತ್ತು. ಎಲ್ಲೋ ಒಂದು ಪಾತ್ರೆ ಬಿದ್ದ ಸದ್ದು ಮೂರು ಬೀದಿ ದಾಟಿ ಕೇಳಿಸಿತು. ಇಳಿಜಾರಿನ ಓಣಿಯ ಕೊನೆಗೆ ಸಮುದ್ರ, ಹೊಳೆಯಂಥ ಅವಸರವಿಲ್ಲದ, ಅಲೆಯೂ ಏಳದ ನೀಲಿ ನೀರು. ದಂಡೆಯಲ್ಲಿ ಕವುಚಿ ಹಾಕಿದ ನಾಲ್ಕು ದೋಣಿ, ಒಣಗಲು ಹರಡಿದ ಬಲೆ. ಬಲಗಡೆ ನೀರಿಗೆ ತಾಗಿದಂತೆ ಮೊಂಡು ಗೋಪುರ. ನಾನು ಅದರ ನೆರಳಿನಲ್ಲಿ ಕುಳಿತು, ಕಾಲೇಜಿನ ಮೇಷ್ಟ್ರು, ಜೋರಾಗಿ ಅತ್ತೆ. ದುಃಖಕ್ಕಲ್ಲ. ಗೋಡೆ, ಗೋಪುರ ಗೆದ್ದೆ, ಇನ್ನು ಮಣ್ಣು, ಬೇಲಿ, ಬಾಗಿಲು ಉಳಿದಿವೆ ಎಂದು.

ಮರುದಿನ ಊರಾಚೆ ನಡೆದೆ. ಮಣ್ಣು ಕೆಂಪಗಿತ್ತು. ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟ ಕಲ್ಲಿನ ಬೇಲಿ, ಅದರ ಮೇಲೆ ಹಣ್ಣು ಬಿಟ್ಟ ಪಾಪಸುಕಳ್ಳಿ, ಬೇಲಿಯಾಚೆ ತಿರುಚಿಕೊಂಡ ಬೊಡ್ಡೆಯ ಆಲಿವ್ ಮರಗಳು. ಮರಗಳಷ್ಟನ್ನು ಮರೆಮಾಡಿದ್ದರೆ ಹಿರೀಸಾವೆಯಿಂದ ಯಾರಾದರೂ ಎಮ್ಮೆ ಹೊಡೆದುಕೊಂಡು ಬರಬಹುದಿತ್ತು. ನೀಲಿ ಬಾಗಿಲು ಮಾತ್ರ ತಲೆನೋವಾಯಿತು. ಆ ಊರಿನಲ್ಲಿ ನೀಲಿ ಬಾಗಿಲುಗಳೇ ಹನ್ನೊಂದಿದ್ದವು. ನಾನು ಇಳಿದುಕೊಂಡಿದ್ದ ಮನೆಯ ಯಜಮಾನ ನಿವೃತ್ತ ಮೇಷ್ಟ್ರು, ಇಂಗ್ಲಿಷ್ ಬಲ್ಲವನು. ಬಣ್ಣ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮುದುಕಿಯರು ಅದಕ್ಕಿಂತ ಬೇಗ ಬದಲಾಗುತ್ತಾರೆ ಎಂದು ನಕ್ಕ. ಮೂರನೆಯ ದಿನ ಬೆಳಿಗ್ಗೆ ಅವನ ಜೊತೆ ಓಣಿಯಲ್ಲಿ ಬರುವಾಗ ಕಂಡೆ. ಒಂದು ಬಾಗಿಲ ಮುಂದೆ, ಕರಿಯ ಬಟ್ಟೆಯ ಮುದುಕಿ, ಮಡಿಲಲ್ಲಿ ಬೋಗುಣಿ. ನೆನೆದ ಕಾಳು ನಮ್ಮ ಅವರೆಗಿಂತ ದಪ್ಪ, ತುದಿಗೆ ಕಪ್ಪು ಹುಬ್ಬು. ಹುಬ್ಬನ್ನು ಉಗುರಿನಿಂದ ಚಿವುಟಿ ಒತ್ತಿದಳು. ಬೇಳೆ ಚಂಗನೆ ಹಾರಿ ಬೋಗುಣಿಗೆ ಬಿತ್ತು.

ನಾನು ಅವಳ ಕಾಲ ಬಳಿ ಕುಳಿತುಬಿಟ್ಟೆ. ಬೋಗುಣಿಗೆ ಕೈಹಾಕಿ ಅವ್ವನ ಹಾಗೆ ಹಿತುಕಿ ತೋರಿಸಿದೆ. ಮುದುಕಿ ಮೇಷ್ಟ್ರಿಗೆ ಏನೋ ಹೇಳಿದಳು.

“ನಿಮ್ಮ ಕೈ ಕೆಟ್ಟದ್ದೇನಲ್ಲವಂತೆ. ಊಟಕ್ಕೆ ಇರಿ ಅನ್ನುತ್ತಿದ್ದಾಳೆ,” ಎಂದ ಮೇಷ್ಟ್ರು.

ಬೇಸಿಗೆಯ ನಡುಮಧ್ಯದಲ್ಲಿ, ಒಣಕಾಳು ನೆನೆಹಾಕಿ, ಹಿತುಕಿ, ಬೇಯಿಸಿ ಮಸೆದು, ಕಹಿ ಸೊಪ್ಪಿನ ಜೊತೆ ನನ್ನ ಮುಂದಿಟ್ಟಳು. ಮೇಲೆ ಎಣ್ಣೆ ಸುರಿದಳು. ನಾನು ಉಂಡೆ. ಸೊಗಡಿರಲಿಲ್ಲ, ಆದರೆ ಬಾಯಿಗೆ ಗುರುತಿತ್ತು. ಪ್ರತಿ ತುತ್ತಿಗೂ ಮನಸ್ಸಿನಲ್ಲಿ ‘ನೋಡು ದೊಡ್ಡಪ್ಪ, ನೋಡು’ ಎನ್ನುತ್ತಿದ್ದೆ. ಕೈ ತೊಳೆಯುವಾಗ, ಯಾವ ವಿಷಯವನ್ನೂ ಅರ್ಧಕ್ಕೆ ಬಿಡದ ನನ್ನ ಕೆಟ್ಟ ಚಾಳಿಯಿಂದ, ಯುದ್ಧದ ಕಾಲದಲ್ಲೂ ಹೀಗೇ ಮಾಡುತ್ತಿದ್ದರೇ ಎಂದು ಕೇಳಿಸಿದೆ. ಮುದುಕಿ ಉತ್ಸಾಹದಿಂದ ಬಹಳ ಹೊತ್ತು ಹೇಳಿದಳು.

“ಹೀಗೇ ಅಂತೆ. ಎಣ್ಣೆಗೆ ಕಷ್ಟವಿತ್ತಂತೆ. ಹಂದಿ ಸಾಕಿದ್ದವರು ಅದರ ಕೊಬ್ಬು ಕರಗಿಸಿ ಹಾಕುತ್ತಿದ್ದರಂತೆ. ಅತಿಥಿಗಳು ಬಂದರೆ ಇನ್ನೊಂದು ಚಮಚ ಹೆಚ್ಚು. ಈಗಿನವರಿಗೆ ಆ ರುಚಿ ಗೊತ್ತಿಲ್ಲ ಅನ್ನುತ್ತಾಳೆ.”

ಎಲ್ಲರೂ ಹಂದಿ ಸಾಕಿದ್ದರೇ ಎಂದೆ. ಇದ್ದವರಿಗೆ ಇತ್ತು, ಇಲ್ಲದವರಿಗೆ ಇಲ್ಲ ಎಂದಳು. ನಾಲ್ಕು ದಿನ ಅಪ್ಪನಿಗೆ ಉಣಿಸಿದವಳಿಗೆ ಹಂದಿ ಇತ್ತೇ? ಹನ್ನೊಂದು ನೀಲಿ ಬಾಗಿಲುಗಳಲ್ಲಿ ಯಾವುದು ಅವಳದು? ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಮೇಕೆಯಂತೆ ಕೂಗಿದ, ಕೋಳಿಯಂತೆ ಕೂಗಿದ. ಹಂದಿಯಂತೆ ಕೂಗಲು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕರಗಿದ ಕೊಬ್ಬನ್ನು ಹೇಗೆ ಕೂಗಿ ತೋರಿಸುವುದು? ಉಳಿದೆರಡು ದಿನ ಗೋಪುರದ ಕೆಳಗೆ ಕುಳಿತು ಸಮುದ್ರ ನೋಡಿದೆ. ವಾದವನ್ನು ಹೇಗೆ ಕಟ್ಟಿದರೂ ಆ ಒಂದು ಚಮಚ ಬಂದು ಅಡ್ಡ ನಿಲ್ಲುತ್ತಿತ್ತು.

ಊರಿಗೆ ಬಂದವನು ಮೊದಲು ಹೋದದ್ದು ಹೊಳೆನರಸೀಪುರಕ್ಕೆ. ದೊಡ್ಡಪ್ಪನಿಗೆ ಎಂಬತ್ತೈದರ ಮೇಲಾಗಿತ್ತು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ್ದರು. ಕಣ್ಣು ಮಂಜಾಗಿದ್ದರೂ ಅವರು ಕಂಬದ ಪಕ್ಕವೇ ಕೂರುತ್ತಿದ್ದರು, ಈಗಲೂ ಅವರ ಹೂಂ ಬಂದ ಮೇಲೆಯೇ ಊಟ. ಸಾಲಿನಲ್ಲಿ ಎಲ್ಲರೂ ಕುಳಿತ ಹೊತ್ತಿಗೇ ನಾನು ಹೇಳಿದೆ, ಒಬ್ಬರಿಗೂ ಕೇಳಿಸದೆ ಹೋಗಬಾರದೆಂದು. ಗೋಪುರ, ಕೆಂಪು ಮಣ್ಣು, ಕಲ್ಲುಬೇಲಿ, ಬೇಸಿಗೆಯಲ್ಲಿ ಹಿತುಕಿದ ಒಣಕಾಳು.

ದೊಡ್ಡಪ್ಪ ದನಿ ಬಂದ ಕಡೆ ಮುಖ ತಿರುಗಿಸಿದರು.

“ನೀನೇ ಉಂಡಾ?”

“ಹೂಂ ದೊಡ್ಡಪ್ಪ.”

“ಮ್ಯಾಲಕ್ಕೆ ಏನಾಕ್ತಾರೆ? ಕೊಬ್ಬುಗಿಬ್ಬು ಏನಾರ?”

ಹಳೆಯ ಕಾಲದ ಮನುಷ್ಯ, ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಎಷ್ಟು ಹುಡುಗರಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ.

“ಇಲ್ಲ ದೊಡ್ಡಪ್ಪ. ಬರೀ ಎಣ್ಣೆ. ಆವತ್ತೂ ಬರೀ ಎಣ್ಣೆನೇ ಅಂತೆ.”

“ನೀನು ಓದಿದೋನು. ಸುಳ್ಳೇಳಲ್ಲ,” ಅಂದರು. ಆಮೇಲೆ ಕಂಬ ಹಿಡಿದು ಎದ್ದರು. ಮಗ ಏನಪ್ಪಾ ಎಂದು ತೋಳು ಹಿಡಿಯಹೋದ.

“ಬುಡ್ಲಾ. ಆವತ್ತು ಆಡಿದ ಮಾತೈತೆ.”

ತಡವರಿಸಿ ಹೊಸ್ತಿಲು ದಾಟಿ ಜಗಲಿಗೆ ಹೋದರು. ಗೋಡೆಗೆ ಎಷ್ಟೋ ಸಲ ಸುಣ್ಣವಾಗಿತ್ತು, ಕಲೆ ಇರಲಿಲ್ಲ. ಆದರೆ ಅವರು ಕೈಯಿಂದ ಗೋಡೆ ಸವರುತ್ತ ಸವರುತ್ತ ಅದೇ ಜಾಗ ಹುಡುಕಿ ಒರಗಿದರು. ಆ ಜಾಗ ನನಗೊಬ್ಬನಿಗೇ ನೆನಪಿದೆಯೆಂದು ಅಂದುಕೊಂಡಿದ್ದೆ. ಮುಂದಿನ ಮಳೆಗಾಲದಲ್ಲಿ ಸಾಯುವವರೆಗೂ ಅವರು ಉಂಡದ್ದು ಅಲ್ಲೇ. ಹನ್ನೊಂದು ತಿಂಗಳು. ಒಂದು ಮಾತು ಹೇಳಿ ನಾನು ಅವರನ್ನು ಒಳಗೆ ಕರೆತರಬಹುದಿತ್ತು. ಹೇಳಲಿಲ್ಲ. ಅಪ್ಪ ಏನುಂಡನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜಗಲಿಯಲ್ಲಿ ಏನುಂಡನೆಂದು ಚೆನ್ನಾಗಿ ಗೊತ್ತಿದೆ.

ಆ ಮೊದಲ ದಿನ ಅವರ ಸೊಸೆ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ಏನು ಮಾಡುವುದೆಂದು ತೋರದೆ ನಿಂತಿದ್ದಳು. ಅವಳ ಕೈಯಿಂದ ಸೌಟು ತೆಗೆದುಕೊಂಡೆ. ಕೈ ತಾನಾಗಿಯೇ ಮೇಲೆದ್ದು ಅಲ್ಲೇ ನಿಂತಿತು. ಸಾರು ಬಿದ್ದು ಮುಂಗೈಗೆ ಸಿಡಿಯಿತು. ದೊಡ್ಡಪ್ಪ ಅದನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ಬೀದಿಯ ಕಡೆ ಮುಖ ತಿರುಗಿಸಿದರು.

“ಸಾಕಾ ದೊಡ್ಡಪ್ಪ?”

“ಇನ್ನೊಂದೀಟು ಬುಡು.”

ಬಿಟ್ಟೆ. ಅದೇ ಎತ್ತರದಿಂದ.